ಏಳನೇ ನಂಬರಿನ ಬೀಗ

ಹಿಂಡಿ ಕಲಸುವ ಮಿಕ್ಸರ್‌ನ ಬಾಗಿಲು ಒಂದೂವರೆ ಅಡಿ ಅಗಲ. ಯಶೋಧಾ ಮೊದಲು ಕಾಲು ಇಳಿಬಿಟ್ಟು, ಸೊಂಟ ತಿರುಗಿಸಿ, ಕೊನೆಗೆ ತಲೆ ತಗ್ಗಿಸಿ ಒಳಗೆ ಜಾರಿದಳು. ಕಬ್ಬಿನ ಕಾಕಂಬಿಯೂ ಜೋಳದ ನುಚ್ಚೂ ಬೆರೆತು ರೆಕ್ಕೆಗಳಿಗೆ ಕಲ್ಲಿನಂತೆ ಅಂಟಿಕೊಂಡಿತ್ತು. ಮೂಗಿಗೆ ಕಟ್ಟಿದ ಬಟ್ಟೆಯನ್ನೂ ದಾಟಿ ಹುಳಿ ಬೆರೆತ ಸಿಹಿ ನಾತ ಒಳಗೆ ನುಗ್ಗಿತು. ಕುತ್ತಿಗೆಯ ಕಪ್ಪು ದಾರದಲ್ಲಿ ತಾಯತದ ಜೊತೆ ತೂಗುತ್ತಿದ್ದ ಬೀಗದ ಕೈಯನ್ನು ಒಮ್ಮೆ ಮುಟ್ಟಿ ನೋಡಿಕೊಂಡು ಉಳಿ, ಸುತ್ತಿಗೆ ಎತ್ತಿಕೊಂಡಳು.

"ಕಾಣಿಸ್ತೈತೇನವ್ವ?" ಫಿಟ್ಟರ್ ಕಾಟಲಿಂಗಪ್ಪ ಮೇಲಿಂದ ಟಾರ್ಚ್ ಬಿಟ್ಟ.

"ಎಲ್ಲಿ ಕಾಣ್ತೈತೆ ಲಿಂಗಣ್ಣ, ಬೆಳಕಿಗೆ ನಿನ್ನ ಹೊಟ್ಟೆ ಅಡ್ಡ ಐತಲ್ಲ."

"ಈ ಹೊಟ್ಟೆ ಇರೋದ್ಕೇ ನಿಂಗೆ ಇಲ್ಲಿ ಕೆಲ್ಸ ಸಿಕ್ಕಿರೋದು, ತಿಳ್ಕ."

ಅದು ತಮಾಷೆಯೂ ಹೌದು, ನಿಜವೂ ಹೌದು. ಹಿರಿಯೂರಿನ ಹೊರಗೆ ಹೈವೇ ಪಕ್ಕದಲ್ಲಿದ್ದ ಈ ಪಶು ಆಹಾರದ ಫ್ಯಾಕ್ಟರಿಗೆ ಅವಳು ಸೇರಿದ್ದು ಮೇಂಟೆನೆನ್ಸ್ ಅಪ್ರೆಂಟಿಸ್ ಆಗಿ. ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಓದಿದವಳು. ಎಂಟು ತಿಂಗಳಲ್ಲಿ ಮೋಟಾರು ಬಿಚ್ಚಲು ಬಿಟ್ಟದ್ದು ಎರಡೇ ಸಲ. ಮಿಕ್ಸರ್ ಕಟ್ಟಿಕೊಂಡಾಗ ಮಾತ್ರ ಪ್ರತಿ ಸಲವೂ ಅವಳನ್ನೇ ಕೂಗುತ್ತಿದ್ದರು. ಆ ಬಾಗಿಲಲ್ಲಿ ಹಿಡಿಸುವ ಮೈ ಇದ್ದದ್ದು ಅವಳೊಬ್ಬಳದೇ.

ಇಳಿಯಲು ಅವಳು ಹೆದರುತ್ತಿರಲಿಲ್ಲ. ಮೊದಲ ದಿನವೇ ಕಾಟಲಿಂಗಪ್ಪ ಎಲ್ಲ ಹೇಳಿಕೊಟ್ಟಿದ್ದ. ಒಳಗೆ ಇಳಿಯುವವರು ಪ್ಯಾನೆಲ್ಲಿನ ಹಿಡಿ ಕೆಳಗೆಳೆದು ಕರೆಂಟು ತೆಗೆಯಬೇಕು, ಆ ಹಿಡಿಗೆ ತಮ್ಮ ನಂಬರಿನ ಕೆಂಪು ಬೀಗ ಹಾಕಬೇಕು, ಬೀಗದ ಕೈ ತಮ್ಮ ಮೈಮೇಲೇ ಇರಬೇಕು. ಬೀಗ ಇರುವಷ್ಟು ಹೊತ್ತು ಮೋಟಾರು ತಿರುಗುವಂತಿಲ್ಲ. ಅವಳದು ಏಳನೇ ನಂಬರು. "ನಿಮ್ಮಪ್ಪ ಬಂದು ಕೇಳಿದ್ರೂ ಕೊಡಬ್ಯಾಡ. ಹಾಕಿದೋರೇ ತೆಗೀಬೇಕು. ಇದ್ಕೆ ಇರೋದು ಇದೊಂದೇ ಕೀ" ಎಂದು ಅಂಗೈಯಲ್ಲಿಟ್ಟು ಅವಳ ಬೆರಳು ಮಡಚಿದ್ದ.

ಈವತ್ತು ಸುತ್ತಿಗೆ ಏಟು ಗುರಿ ತಪ್ಪುತ್ತಿತ್ತು. ಬೆಳಿಗ್ಗೆ ಮ್ಯಾನೇಜರ್ ಶ್ರೀನಿವಾಸ್ ಆಡಿದ ಮಾತು ತಲೆಯಿಂದ ಹೋಗಿರಲಿಲ್ಲ. ಕರೆಂಟ್ ಕಂಪನಿಯ ಲೈನ್ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಚಿತ್ರದುರ್ಗದ ಮೈದಾನದಲ್ಲಿ ಕಂಬ ಹತ್ತಿ ತೋರಿಸಿದ್ದಳು. ಅವಳ ಹಿಂದೆ ಮುಂದೆ ಇದ್ದ ಮೂವರು ಹುಡುಗರು ಅರ್ಧದಲ್ಲೇ ಜಾರಿದ್ದರು. ಇನ್ನು ಉಳಿದದ್ದು ನಾಳೆ ಹತ್ತು ಗಂಟೆಗೆ ಮೂಲ ಅಂಕಪಟ್ಟಿ ತೋರಿಸುವುದೊಂದೇ. ಆ ಅಂಕಪಟ್ಟಿಗಳು ಸೇರಿದ ದಿನದಿಂದಲೂ ಶ್ರೀನಿವಾಸನ ಬೀರುವಿನಲ್ಲಿದ್ದವು.

"ಕೊಟ್ರೆ ನೀನು ವಾಪಸ್ ಬರ್ತೀಯ ಅಂತ ಏನು ಗ್ಯಾರಂಟಿ? ಹೋದ ವರ್ಷ ಮೂರು ಜನ ಹಿಂಗೇ ಇಸ್ಕಂಡು ಹೋದೋರು ಈ ಕಡೆ ತಲೆ ಹಾಕ್ಲಿಲ್ಲ."

"ಬರ್ತೀನಿ ಸಾರ್. ಬರೀ ತೋರಿಸಿ ಬರ್ತೀನಿ."

"ಕೆಲ್ಸ ಸಿಕ್ರೂ ಬರ್ತೀಯ?"

ಅವಳು ಬೀರುವಿನ ಕಡೆ ನೋಡಿದಳು.

"ನೋಡಿದ್ಯಾ. ಇನ್ನ ನಾಕು ತಿಂಗ್ಳು ಐತೆ, ಮುಗಿಸಿ ತಗೊಂಡು ಹೋಗು. ಜೆರಾಕ್ಸ್ ಬೇಕಾದ್ರೆ ಹತ್ತು ಮಾಡಿಸ್ಕ" ಎಂದು ಅವನು ಫೋನಿನತ್ತ ತಿರುಗಿದ್ದ.

ಮಧ್ಯಾಹ್ನದ ಹೊತ್ತಿಗೆ ಕೊನೆಯ ರೆಕ್ಕೆಯೂ ಬಿಡುಗಡೆಯಾಯಿತು. ಹೊರಗೆ ಬಂದು ಕೈ ತೊಳೆಯುವಷ್ಟರಲ್ಲಿ ಅಂಗಳದಲ್ಲಿ ಮೂರು ಲಾರಿ ನಿಂತಿದ್ದವು. ಶ್ರೀನಿವಾಸನೇ ಕೆಳಗಿಳಿದು ಬಂದಿದ್ದ.

"ಆಯ್ತಾ? ಬೀಗ ತೆಗಿ ಬೇಗ. ಲೋಡಿಗೆ ಬಾಯಿ ಬಡ್ಕಂತಾವ್ರೆ."

"ತೆಗೆಯಲ್ಲ ಸಾರ್."

ಅದು ಅವಳು ಯೋಚಿಸಿ ಇಟ್ಟುಕೊಂಡ ಮಾತಲ್ಲ. ಬಾಯಿಂದ ಬಿದ್ದ ಮೇಲೆ ಅದು ತನ್ನದೇ ಅನ್ನಿಸಿತು. ಹಿಂಡಿ ಚೀಲದ ಮೇಲೆ ಕೂತಳು.

"ಏನಂದೆ?"

"ನನ್ನ ಮಾರ್ಕ್ಸ್ ಕಾರ್ಡ್ ಕೊಡ್ರಿ. ತೆಗೀತೀನಿ."

ಚೀಲ ಹೊಲಿಯುತ್ತಿದ್ದ ಹೊನ್ನಕ್ಕ ಮಿಷಿನ್ನು ನಿಲ್ಲಿಸಿದಳು. ಲೋಡಿಂಗಿನವರು ಹೆಗಲ ಟವೆಲ್ ತೆಗೆದು ಮುಖ ಒರೆಸಿಕೊಳ್ಳುತ್ತ ಹತ್ತಿರ ಬಂದರು.

"ಕೊಟ್ಟುಬಿಡ್ರಿ ಸಾರ್," ಅಂದಳು ಹೊನ್ನಕ್ಕ. "ಬೀರುನಾಗೆ ಇಟ್ಕಂಡ್ರೆ ಅವೇನು ಮರಿ ಹಾಕ್ತಾವಾ?"

ಯಾರೋ ನಕ್ಕರು. ಶ್ರೀನಿವಾಸ್ ಕೂಗಾಡಲಿಲ್ಲ. ಯಶೋಧಾಳನ್ನೂ ಪ್ಯಾನೆಲ್ಲನ್ನೂ ಒಮ್ಮೆ ನೋಡಿ, ಮೆಟ್ಟಿಲು ಹತ್ತಿ ಆಫೀಸಿಗೆ ಹೋದ.

ಬೀರುವಿನ ಬಾಗಿಲು ಕಿರುಗುಟ್ಟಿದ್ದು ಕೆಳಗೂ ಕೇಳಿಸಿತು. ನಾಳೆ ತನ್ನೂರು ಜವನಗೊಂಡನಹಳ್ಳಿಯಿಂದ ಏಳು ಗಂಟೆಯ ಬಸ್ಸು ಹಿಡಿದರೆ ಸಾಕು. ನೀಲಿ ಚೂಡಿದಾರ ಒಗೆದು ಮಡಚಿಟ್ಟಿದ್ದಳು. ಅಂಕಪಟ್ಟಿ ನೆನೆಯದ ಹಾಗೆ ಪ್ಲಾಸ್ಟಿಕ್ ಕವರು ಬೇಕು. ಅದು ಹೊನ್ನಕ್ಕನ ಹತ್ತಿರ ಇರುತ್ತದೆ.

ಅವನು ಇಳಿದು ಬಂದಾಗ ಕೈಯಲ್ಲಿ ಕಾಗದ ಇರಲಿಲ್ಲ. ತಂತಿಯ ಬಳೆಯೊಂದರಲ್ಲಿ ಎಂಟು ಬೀಗದ ಕೈ ಇದ್ದವು. ಒಂದೊಂದಕ್ಕೂ ಒಂದೊಂದು ನಂಬರಿನ ಚೀಟಿ. ಅವನು ಅವಸರವಿಲ್ಲದೆ ಏಳನ್ನು ಹುಡುಕಿ, ಪ್ಯಾನೆಲ್ಲಿಗೆ ಹೋಗಿ, ಕೆಂಪು ಬೀಗ ತೆಗೆದ. ತಂದು ಅವಳ ಮಡಿಲಿಗೆ ಹಾಕಿದ.

"ಬೀಗ ಕಂಪನೀದಮ್ಮ. ಹೋಗು, ಊಟ ಮಾಡು."

ಮಿಕ್ಸರ್ ತಿರುಗತೊಡಗಿತು. ಹೊನ್ನಕ್ಕ ತಲೆ ತಗ್ಗಿಸಿ ಮಿಷಿನ್ನು ಶುರು ಮಾಡಿದಳು. ಯಶೋಧಾ ಕಾಟಲಿಂಗಪ್ಪನ ಕಡೆ ನೋಡಿದಳು. ಅವನು ಗ್ರೀಸ್ ಡಬ್ಬಿಯ ಮುಚ್ಚಳ ತಿರುಗಿಸುತ್ತಿದ್ದ. ಆಗಲೇ ಬಿಗಿಯಾಗಿದ್ದ ಮುಚ್ಚಳ.

ಆ ಇನ್ನೊಂದು ಕೈ ಮೇಲೆ ಬೀರುವಿನಲ್ಲಿದ್ದ ಎಂಟು ತಿಂಗಳಲ್ಲಿ ಎಷ್ಟು ಸಲ ಇಳಿದಿದ್ದೇನೆಂದು ಎಣಿಸಲು ಹೊರಟು ಅರ್ಧಕ್ಕೇ ನಿಲ್ಲಿಸಿದಳು.

ಸಂಜೆ ಗೇಟಿನ ಹತ್ತಿರ ಕಾಟಲಿಂಗಪ್ಪನೇ ಸೈಕಲ್ ನಿಲ್ಲಿಸಿದ.

"ಯಾವ ಬೀಗಕ್ಕಾದ್ರೂ ಎರಡು ಕೀ ಇರ್ತಾವವ್ವ. ಅಂಗಡೀಲೇ ಕೊಡ್ತಾರೆ."

"ಒಂದೇ ಅಂದಿದ್ಯಲ್ಲಣ್ಣ."

"ಎರಡು ಅಂದಿದ್ರೆ ನೀನು ಇಳೀತಿದ್ದೇನು?"

ಅವಳು ಬಸ್ಸಿನ ಕಡೆ ಹೊರಟಳು. ಅವನು ಸೈಕಲ್ ಹತ್ತಿದ.

ಮನೆಯಲ್ಲಿ ಅವ್ವ ದುರುಗಕ್ಕ ಬಾಗಿಲಲ್ಲೇ ಕೇಳಿದಳು. "ಕೊಟ್ರೇನೇ?"

"ಇಲ್ಲ."

"ನಾನು ಬಂದು ಕಾಲು ಹಿಡಿದು ಕೇಳ್ಲಾ?"

"ನೀನು ಬಂದ್ರೆ ನಿನ್ನ ಆಧಾರ್ ಕಾರ್ಡೂ ಇಸ್ಕಂಡು ಇಟ್ಕಂತಾರೆ, ಸುಮ್ನಿರು."

ಮರುದಿನ ಹತ್ತು ಗಂಟೆಗೆ ಅವಳು ಕಾಳು ಮೇಲಕ್ಕೆತ್ತುವ ಬಕೆಟ್ ಎಲಿವೇಟರಿನ ಬೇರಿಂಗಿಗೆ ಗ್ರೀಸ್ ತುಂಬುತ್ತಿದ್ದಳು. ಹನ್ನೊಂದೂವರೆಗೆ ಚಿತ್ರದುರ್ಗದಿಂದ ಫೋನು ಬಂತು. "ನೀವು ಇನ್ನೂ ಬಂದಿಲ್ಲವಲ್ಲ" ಎಂದ ಯಾರದೋ ದನಿಗೆ "ಬರೋದಿಲ್ಲ" ಎಂದಳು. ಬಿಟ್ಟು ಹೋದರೆ ವರ್ಷದ ಅಪ್ರೆಂಟಿಸ್ ಸರ್ಟಿಫಿಕೇಟೂ ಇಲ್ಲ, ಅಂಕಪಟ್ಟಿಯೂ ಇಲ್ಲ. ಇನ್ನೂ ನಾಲ್ಕು ತಿಂಗಳು ಇತ್ತು.

ಸಂಜೆ ಬಸ್ಸು ಹಿಡಿಯುವ ಮೊದಲು ಹಿರಿಯೂರಿನ ಪೇಟೆಯ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಒಂದು ಹಿತ್ತಾಳೆ ಬೀಗ ಕೊಂಡಳು. ಅಂಗಡಿಯವನು ಬೀಗದ ಜೊತೆ ಎರಡು ಕೈ ಕೊಟ್ಟ. "ಒಂದು ಕಳ್ಕಂಡ್ರೆ ಇನ್ನೊಂದಿರ್ಲಿ, ಬೇರೆ ಕಡೆ ಇಡ್ರಿ" ಎಂದ.

ಶನಿವಾರ ಮಿಕ್ಸರ್ ಮತ್ತೆ ಕಟ್ಟಿಕೊಂಡಿತು. ಕಾಟಲಿಂಗಪ್ಪ ಅವಳನ್ನು ಕೂಗಿದ. ಅವಳು ಪ್ಯಾನೆಲ್ಲಿನ ಹಿಡಿ ಇಳಿಸಿ ಏಳನೇ ನಂಬರಿನ ಬೀಗ ಹಾಕಿದಳು. ಅದರ ಪಕ್ಕದ ತೂತಿಗೆ ಹಿತ್ತಾಳೆಯದನ್ನು ಹಾಕಿ ಜಗ್ಗಿ ನೋಡಿದಳು.

"ರೂಲ್ಸಿನಾಗೆ ಬರೀ ಕಂಪನಿ ಬೀಗ ಐತವ್ವ."

"ಅದೂ ಹಾಕೀನಲ್ಲ."

ಅವನು ಟಾರ್ಚ್ ಹಿಡಿದು ಮಿಕ್ಸರ್ ಕಡೆ ನಡೆದ.

ಅವಳು ಹಿತ್ತಾಳೆ ಬೀಗದ ಒಂದು ಕೈಯನ್ನು ದಾರಕ್ಕೆ ಪೋಣಿಸಿದಳು. ಇನ್ನೊಂದನ್ನು ಹಿಡಿದು ಕಾಕಂಬಿಯ ಡ್ರಮ್ಮಿನ ಹತ್ತಿರ ಹೋಗಿ ಮುಚ್ಚಳ ಸರಿಸಿ ಒಳಗೆ ಬಿಟ್ಟಳು. ಬಿದ್ದ ಸದ್ದೇ ಬರಲಿಲ್ಲ. ಕಪ್ಪಗೆ ಹೆಪ್ಪುಗಟ್ಟಿದಂತಿದ್ದ ಮೇಲ್ಮೈಯಲ್ಲಿ ಅದು ಅಡ್ಡ ಮಲಗಿ ಹೊಳೆಯುತ್ತಿತ್ತು.

"ಬಾರವ್ವ, ಹೊತ್ತಾಗ್ತೈತೆ," ಕಾಟಲಿಂಗಪ್ಪ ಅಲ್ಲಿಂದ ಕೂಗಿದ.

ಅದರ ಹಲ್ಲಿನ ತುದಿ ಮೊದಲು ಕಂತಿತು. ತಲೆಯ ತೂತಿನೊಳಗೆ ಕಪ್ಪು ನಿಧಾನವಾಗಿ ತುಂಬಿಕೊಳ್ಳುತ್ತಿತ್ತು. ಅವನು ಎರಡನೇ ಸಲ ಕೂಗಿದ. ಅದು ಪೂರ್ತಿ ಮುಳುಗುವವರೆಗೂ ಅವಳು ಅಲ್ಲೇ ನಿಂತಿದ್ದಳು.