ಐದು ಗಂಟೆಯ ದಾರಿ

ಹಳೆಯ ವಿಮಾನ ನಿಲ್ದಾಣದಿಂದ ಹೊಸದಕ್ಕೆ ಬರಲು ಐದು ಗಂಟೆ ಬೇಕು ಎಂದು ಹೊಲಿಗೆ ಟೀಚರ್ ಮದುವೆಯಾದಾಗಿನಿಂದ ನಂಬಿದ್ದಳು. ಅವಳ ಗಂಡ ವಿಮಾನ ರಿಪೇರಿಯ ಮೆಕ್ಯಾನಿಕ್. ಮನೆ ಹೊಸ ನಿಲ್ದಾಣದ ಹತ್ತಿರ, ಕೆಲಸ ಎರಡೂ ಕಡೆ. ಹಳೆಯದರಲ್ಲಿ ಪಾಳಿ ಬಿದ್ದರೆ ಎರಡು ರಾತ್ರಿ ಅಲ್ಲೇ ಉಳಿಯುತ್ತಿದ್ದ.

"ಲಾರಿ ಸಾಲು, ಕಿತ್ತುಹೋದ ರಸ್ತೆ. ದಿನಾ ಓಡಾಡಿದ್ರೆ ಸೊಂಟ ಬಿದ್ದುಹೋಗುತ್ತೆ ಕಣೇ," ಎನ್ನುತ್ತಿದ್ದ.

ಫೋನಿನಲ್ಲಿ ನೋಡಿದ್ದರೆ ಗೊತ್ತಾಗುತ್ತಿತ್ತು. ಆದರೆ ಗಂಡನ ಮಾತನ್ನು ಯಾರು ನಕ್ಷೆ ಇಟ್ಟು ಅಳೆಯುತ್ತಾರೆ?

ಅಕ್ಕನ ಮನೆಯಿಂದ ವಾಪಸು ಬರುವ ದಿನ ಮಂಜು ಕವಿದು ಅವಳ ವಿಮಾನ ಹಳೆಯ ನಿಲ್ದಾಣದಲ್ಲಿ ಇಳಿಯಿತು. ದೂರದ ದಾರಿಯೆಂದು ಬಿಸ್ಕತ್ತು, ನೀರು ಕೊಂಡು ಟ್ಯಾಕ್ಸಿ ಹತ್ತಿದಳು. ಹಾಗೇ ಜೊಂಪು ಹತ್ತಿತು.

"ಮೇಡಂ, ಬಂತು."

ಹೊರಗೆ ಅವಳದೇ ಬೀದಿ! ಮುಕ್ಕಾಲು ಗಂಟೆಯೂ ಆಗಿರಲಿಲ್ಲ.

"ಒಳದಾರೀಲಿ ಬಂದ್ರಾ?"

"ಒಳದಾರಿ ಎಲ್ಲಿದೆ? ಇರೋದೊಂದೇ ರಸ್ತೆ. ಇವತ್ತು ಲೇಟೇ ಆಯ್ತು."

ಅವಳು ಟ್ಯಾಕ್ಸಿಯಿಂದ ಇಳಿಯಲಿಲ್ಲ. ಗಂಡನಿಗೆ ಫೋನ್ ಮಾಡಿದಳು. "ರೀ, ಎಲ್ಲಿದ್ದೀರಿ?"

"ಈಗಷ್ಟೇ ಹೊರಟೆ. ಬರೋದು ರಾತ್ರಿ ಆಗುತ್ತೆ. ನೀನು ಊಟ ಮಾಡಿ ಮಲಗು."

ಟ್ಯಾಕ್ಸಿಯನ್ನು ಮತ್ತೆ ಹಳೆಯ ನಿಲ್ದಾಣಕ್ಕೆ ತಿರುಗಿಸಲು ಹೇಳಿದಳು.

ವರ್ಕ್‌ಶಾಪಿನ ಗೇಟಿನಲ್ಲಿ ಗಂಡನ ಹೆಸರು ಹೇಳಿದಾಗ ಕಾವಲುಗಾರ ಸಲೀಸಾಗಿ ಹೇಳಿದ: "ಅವರಾ? ಮಧ್ಯಾಹ್ನವೇ ಮನೆಗೆ ಹೋದ್ರಲ್ಲ. ಹಿಂದಿನ ಬೀದಿ, ಹಸಿರು ಗೇಟು."

ಮನೆ! ಇನ್ನೊಬ್ಬಳು ಹೆಂಡತಿ, ಅವಳ ಮಕ್ಕಳು ಎಲ್ಲರೂ ಕಣ್ಣ ಮುಂದೆ ಬಂದು ನಿಂತರು. ಹಸಿರು ಗೇಟು ಹುಡುಕಿ ಒಳಗೆ ಹೋದಳು.

ಬಾಗಿಲು ಅರ್ಧ ತೆರೆದಿತ್ತು. ಒಳಗೆ ಗಂಡ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಒಬ್ಬ ಮುದುಕಿಯ ಕಾಲುಗುರು ಕತ್ತರಿಸುತ್ತಿದ್ದ. ಮುದುಕಿಗೂ ಅವನದೇ ಮೂಗು, ಅವನದೇ ಅಗಲ ಹಣೆ.

"ಯಾರೋ ಬಂದಿದ್ದಾರೆ ನೋಡೋ ಮಗಾ," ಎಂದಳು ಮುದುಕಿ.

ಮನೆಯ ಗೋಡೆಯ ಫೋಟೋದಲ್ಲಿದ್ದ ಅತ್ತೆ. ಮದುವೆಗೆ ಮುಂಚೆಯೇ ತೀರಿಕೊಂಡಿದ್ದಾಳೆಂದು ಎಲ್ಲರೂ ಹೇಳಿದ್ದ ಅತ್ತೆ!

ಗಂಡನ ಮುಖ ಬಿಳಿಚಿಕೊಂಡಿತು. "ಮದುವೆ ಮಾತುಕತೆ ಹೊತ್ತಲ್ಲಿ ಅಮ್ಮ ಮಾನಸಿಕ ಆಸ್ಪತ್ರೇಲಿದ್ಲು. ಗೊತ್ತಾದ್ರೆ ಹೆಣ್ಣು ಕೊಡಲ್ಲ ಅಂತ ಸೋದರಮಾವ, ಅಮ್ಮ ಸತ್ತುಹೋದ್ಲು ಅಂದ್ಬಿಟ್ಟ. ಆಮೇಲೆ ನಿಜ ಹೇಳೋಕೆ ನನಗೆ ಬಾಯಿ ಬರ್ಲಿಲ್ಲ. ನಾನಿಲ್ಲದ ದಿನ ಪಕ್ಕದ್ಮನೆ ನರ್ಸಮ್ಮ ನೋಡ್ಕೋತಾರೆ."

"ಇಷ್ಟು ವರ್ಷ! ಬದುಕಿರೋರ ಫೋಟೋನ ಗೋಡೆಗೆ ಹಾಕಿ, ನನ್ನ ಕೈಲಿ ಧೂಳು ಒರೆಸಿದ್ರಲ್ರೀ!"

ಅವಳ ಕೂಗಿಗೆ ಮುದುಕಿ ಬೆಚ್ಚಿಬಿದ್ದು ಮಗನ ತೋಳು ಹಿಡಿದುಕೊಂಡಳು. ಅದನ್ನು ಕಂಡು ಟೀಚರ್ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಸಿದು ಕೂತಳು.

ಆ ವಾರವಿಡೀ ಗಂಡನ ಜೊತೆ ಒಂದಕ್ಷರ ಆಡಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ, ಅವನ ಮುಖ ನೋಡದೆ ಹೇಳಿದಳು: "ಅತ್ತೇನ ಕರ್ಕೊಂಡು ಬನ್ನಿ. ನನ್ನ ಸಿಟ್ಟು ನಿಮ್ಮ ಮೇಲೆ, ಅವರ ಮೇಲಲ್ಲ."

ಅತ್ತೆ ಬಂದರು. ಬಿಸಿಲು ಬೀಳುವ ಕೋಣೆಯನ್ನು ತಾವೇ ಆರಿಸಿಕೊಂಡರು. ಗಂಡ ಹೆಂಡತಿ ಮನಸ್ಸು ಬಿಚ್ಚಿ ಮಾತಾಡಲು ಮಾತ್ರ ಇನ್ನೂ ಬಹಳ ದಿನ ಹಿಡಿಯಿತು.