ಭಾವನವರು ಕೇಳದೆ ಬಿಟ್ಟ ಪ್ರಶ್ನೆ

ನನ್ನ ಭಾವನವರ ಕಂದು ಕೋಟಿನಲ್ಲಿ ತೆರೆಯುವ ಜೇಬು ಒಂದೂ ಇಲ್ಲ. ಸೆರೆಮನೆಗೆ ಓದಿಸಲು ಹೋಗತೊಡಗಿದ ವರ್ಷ, ಒಳಗೆ ಬೀಡಿ ಸಾಗಿಸುತ್ತಾರೆಂಬ ಗುಮಾನಿಗೆ ಎಡೆಯಿರಬಾರದೆಂದು, ತಾವೇ ಸೂಜಿದಾರ ಹಿಡಿದು ಎಲ್ಲವನ್ನೂ ಹೊಲಿದು ಮುಚ್ಚಿಬಿಟ್ಟರು. ಅಂದಿನಿಂದ ಅವರ ಕನ್ನಡಕ, ಬೀಗದ ಕೈ, ಕರವಸ್ತ್ರಗಳೆಲ್ಲ ನನ್ನ ಅಕ್ಕನ ಕೈಚೀಲದ ಕಾಯಂ ನಿವಾಸಿಗಳು. "ಜೈಲಿಗೆ ಹೋಗೋದು ಇವರು, ಚೀಲ ಹೊರೋ ಶಿಕ್ಷೆ ನಂದು," ಎಂದು ಅಕ್ಕ ನೆಂಟರೆದುರಿಗೇ ಅನ್ನುವಳು. ಭಾವನವರು ಕೈಗಳನ್ನು ಎಲ್ಲಿಡಬೇಕೆಂದು ತೋಚದೆ, ಬೆನ್ನ ಹಿಂದೆ ಕಟ್ಟಿಕೊಂಡು, ತುಸು ಮುಂದಕ್ಕೆ ಬಾಗಿ ನಡೆದುಬಿಡುವರು.

ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರದ ಪ್ರಾಧ್ಯಾಪಕರು, ಸೆರೆಮನೆಯಲ್ಲಿ ಬರಿಯ ಮೇಷ್ಟ್ರು. ಪ್ರತಿ ಶನಿವಾರ ಅಲ್ಲಿನ ಗ್ರಂಥಾಲಯದ ಉದ್ದನೆಯ ಮೇಜಿನ ಸುತ್ತ ಕೈದಿಗಳನ್ನು ಕೂರಿಸಿಕೊಂಡು ಕಾದಂಬರಿ ಓದಿಸುವುದು, ಅದರ ಮೇಲೆ ವಾದಕ್ಕಿಳಿಯುವುದು, ಸೋತಾಗ ಮುಖ ಊದಿಸಿಕೊಳ್ಳುವುದು ಅವರ ಪರಮಸುಖ. ಅವರದೊಂದು ವ್ರತವಿತ್ತು: ಏನು ಮಾಡಿ ಒಳಗೆ ಬಂದೆ ಎಂದು ಯಾವ ಕೈದಿಯನ್ನೂ ಕೇಳಕೂಡದು. "ಪೊಲೀಸರು ಕೇಳಿದಾರೆ, ಕೋರ್ಟು ಕೇಳಿದೆ. ನಾನಾದ್ರೂ ಬೇರೆ ಏನಾದ್ರೂ ಕೇಳ್ಬೇಡ್ವಾ?" ಎನ್ನುವರು. ಈ ಸೌಜನ್ಯದ ಬಗ್ಗೆ ಅವರಿಗೆ ಒಳಗೊಳಗೇ ಹೆಮ್ಮೆಯಿತ್ತು; ನಮಗೂ ಇತ್ತು.

ಆ ಹೆಮ್ಮೆಗೆ ಪೆಟ್ಟು ಕೊಟ್ಟವನು, ಜಗಳದಲ್ಲಿ ಪಾಲುದಾರನನ್ನು ಕೊಂದು ಬಂದಿದ್ದ ಒಬ್ಬ ಗಡಿಯಾರ ರಿಪೇರಿಯವನು. ಭಾವನವರಿಗೆ ಹೆಸರು ತಂದುಕೊಟ್ಟ ಮೊದಲ ಪುಸ್ತಕದಲ್ಲಿ ಅವನ ಮೇಲೊಂದು ಅಧ್ಯಾಯವಿದೆ. ಹೆಸರು, ಊರು ಬದಲಿಸಿದ್ದರು. ಕಸುಬು ಬದಲಿಸಲು ಮರೆತಿದ್ದರು. ಸೆರೆಮನೆಯ ಗಡಿಯಾರಗಳನ್ನೆಲ್ಲ ನಡೆಸುತ್ತಿದ್ದವನು ಅವನೊಬ್ಬನೇ ಆದ್ದರಿಂದ ಗುರುತು ಹಿಡಿಯದವರಿಲ್ಲ. ಎಷ್ಟೋ ವರ್ಷಗಳ ಮೇಲೆ ಅವಧಿಗೆ ಮುಂಚೆ ಬಿಡುಗಡೆ ಕೋರಿದ ಅವನ ಅರ್ಜಿ ಬಂದಾಗ, ಅದನ್ನು ಪರಿಶೀಲಿಸುವ ಸಮಿತಿಯವರು ಆ ಅಧ್ಯಾಯದ ಒಂದೇ ಒಂದು ವಾಕ್ಯ ತೋರಿಸಿ ತಳ್ಳಿಹಾಕಿದರು: ಈತನಲ್ಲಿ ಪಶ್ಚಾತ್ತಾಪದ ಸುಳಿವೇ ಇಲ್ಲ.

ಅದಾದ ಮೇಲಿನ ಶನಿವಾರ ಅವನು ಗ್ರಂಥಾಲಯದ ಪ್ರತಿಯನ್ನೇ ತಂದು ಮೇಜಿನ ಮೇಲಿಟ್ಟನಂತೆ. "ಮೇಷ್ಟ್ರೇ, ನಮ್ಮಪ್ಪನ ಬಗ್ಗೆ ಕೇಳಿದ್ರಿ, ಸ್ಕೂಲ್ ಬಗ್ಗೆ ಕೇಳಿದ್ರಿ, ನಿದ್ದೆ ಬರುತ್ತಾ ಅಂದ್ರಿ. ಸತ್ತವನ ಬಗ್ಗೆ ಒಂದಿನಾನೂ ಕೇಳ್ಲಿಲ್ಲ. ಕೇಳಿದ್ರೆ ಹೇಳ್ತಿದ್ನಲ್ಲ."

ಭಾವನವರಿಗೆ ಆ ವಾರವೆಲ್ಲ ಊಟ ಸೇರಲಿಲ್ಲ. ಮುಂದಿನ ಶನಿವಾರ ಹೋಗಿ, ಜೀವಮಾನದಲ್ಲಿ ಮೊದಲ ಬಾರಿಗೆ, ಕೇಳಿದರು. ಅವನು ಸಂಜೆಯ ಗಂಟೆ ಹೊಡೆಯುವವರೆಗೂ ಹೇಳಿದ. ಏನು ಹೇಳಿದನೆಂದು ಅವರು ಅಕ್ಕನಿಗೂ ಬಾಯಿ ಬಿಟ್ಟಿಲ್ಲ. ಮತ್ತೆ ಅರ್ಜಿ ಹಾಕಲು ಒಂದು ವರ್ಷ ಕಾಯಬೇಕೆಂಬುದು ನಿಯಮ. ಅದು ಕಳೆದ ಮೇಲೆ ಸಮಿತಿಯೆದುರು ತಮ್ಮ ಪುಸ್ತಕದ ವಿರುದ್ಧ ತಾವೇ ಸಾಕ್ಷಿಗೆ ನಿಂತರು. ನಾನೂ ಜೊತೆಗೆ ಹೋಗಿದ್ದೆ. ಅಧ್ಯಕ್ಷರು ಕನ್ನಡಕದ ಮೇಲಿಂದ ನೋಡಿ, "ಈಗ ನಾವು ಪುಸ್ತಕ ನಂಬೋದಾ, ನಿಮ್ಮನ್ನ ನಂಬೋದಾ?" ಎಂದರು.

"ಕೇಳದೇನೇ ಪಶ್ಚಾತ್ತಾಪ ಇಲ್ಲ ಅಂತ ಬರೆದುಬಿಟ್ಟೆ ಸ್ವಾಮಿ," ಎಂದರು ಭಾವನವರು. "ಅವನು ಸುಮ್ಮನಿದ್ದಿದ್ದು ನನ್ನ ಮರ್ಯಾದೆಗೆ. ಅದನ್ನೇ ಅವನ ಕಲ್ಲುಮನಸ್ಸು ಅಂದ್ಕೊಂಡೆ."

ಅವರ ಯಾವ ಸನ್ಮಾನದ ಸಭೆಯಲ್ಲೂ ನನಗೆ ಅವರ ಮೇಲೆ ಅಷ್ಟು ಅಭಿಮಾನ ಉಕ್ಕಿದ್ದಿಲ್ಲ.

ಬಿಡುಗಡೆಯಾಯಿತು. ಆದರೆ ಕಾದ ಆ ವರ್ಷದೊಳಗೆ, ಹೊರಗೆ ಅವನ ದಾರಿ ನೋಡುತ್ತಿದ್ದ ತಾಯಿ ತೀರಿಕೊಂಡಿದ್ದಳು.

ಮನುಷ್ಯರನ್ನು ಅರಿಯುವುದನ್ನೇ ಕಸುಬಾಗಿಸಿಕೊಂಡ ವಿದ್ವಾಂಸರಲ್ಲಿ, ತಾವು ಬರೆದ ವಾಕ್ಯವೊಂದಕ್ಕೆ ಯಾರದೋ ಬದುಕು ಸಿಕ್ಕಿಕೊಂಡಿದೆಯೆಂದು ಕಂಡಾಗ, ಹೆಚ್ಚಿನವರು ವಾಕ್ಯವನ್ನು ಉಳಿಸಿಕೊಳ್ಳುತ್ತಾರೆ. ಕೆಲವರು ಮಾತ್ರ ಮನುಷ್ಯನನ್ನು ಉಳಿಸಲು ಹೊರಡುತ್ತಾರೆ. ಅಂಥವರು ತಡವಾಗಿ ತಲುಪಿದ್ದಕ್ಕೆ ತಮ್ಮನ್ನು ತಾವು ಕೊನೆಯವರೆಗೂ ಕ್ಷಮಿಸುವುದಿಲ್ಲ.