ನೆತ್ತಿಕಲ್ಲಿನ ಹೆಣ್ಣು

"ಅದು ನಾನಲ್ಲ ಅಂತ ನೀನೇ ಎಲ್ಲರಿಗೂ ಹೇಳಿಬಿಡೋ ಗೊಬೆರ್," ಎಂದಳು ರಿಶಿಲ್ಡ, ಏಣಿಯ ಬುಡದಲ್ಲಿ ನಿಂತು.

ಶಿಲ್ಪಿ ಗೊಬೆರ್ ಮೇಲಿನಿಂದಲೇ ನಕ್ಕ. ಇಗರ್ಜಿಯ ಮುಂಬಾಗಿಲ ಮೇಲೆ ಅರ್ಧಚಂದ್ರದಂತೆ ಬಾಗಿದ ಕಮಾನಿನ ಒಂದೊಂದು ಕಲ್ಲಿನಲ್ಲೂ ಅವನು ಒಂದೊಂದು ಪಾಪವನ್ನು ಕೆತ್ತಿದ್ದ. ಹೊಟ್ಟೆಬಾಕ, ಜಿಪುಣ, ಸುಳ್ಳುಗಾರ. ಇಡೀ ಕಮಾನನ್ನು ಹಿಡಿದು ನಿಲ್ಲಿಸಿದ ನಟ್ಟನಡುವಿನ ನೆತ್ತಿಕಲ್ಲಿನಲ್ಲಿ ಕಾಮ: ಮೊಲೆಗೆ ಹಾವುಗಳು ಬಾಯಿ ಹಾಕಿದ ಹೆಣ್ಣು, ಚಪ್ಪಟೆ ಮೂಗು, ಸೊಂಟಕ್ಕಿಳಿದ ಜೋಡಿ ಜಡೆ. ಅಂಥ ಜಡೆ ಊರಲ್ಲಿದ್ದದ್ದು ರೊಟ್ಟಿ ಸುಡುವ ವಿಧವೆ ರಿಶಿಲ್ಡಳಿಗೆ ಮಾತ್ರ. ಹೋದ ಚಳಿಗಾಲ ಗೊಬೆರ್ ಮದುವೆಗೆ ಕೇಳಿದ್ದ; ಇವಳು ಒಲ್ಲೆ ಎಂದಿದ್ದಳು.

"ಆ ಕಲ್ಲು ತೆಗೆದುಬಿಡು."

"ತೆಗೀತೀನಿ. ಕಮಾನು ಪೂರ್ತಿ ಪಾದ್ರಿ ತಲೆ ಮೇಲೆ ಕೂತ್ಕೊಳ್ಳುತ್ತೆ. ಆಮೇಲೆ ಅವರು..." ಗೊಬೆರ್ ಮೂಗು ಹಿಡಿದು ಪಾದ್ರಿಯ ಗೊಣಗುದನಿ ತೆಗೆದ. "ಮಗಳೇ, ನನ್ನ ಬುರುಡೆ ಎಲ್ಲಿ ಬಿತ್ತಮ್ಮಾ?"

ಸುಣ್ಣ ಕಲಸುವವರು ಬಿದ್ದು ಬಿದ್ದು ನಕ್ಕರು.

ರಿಶಿಲ್ಡ ನಿಜವಾದ ಪಾದ್ರಿಯನ್ನೇ ಕೇಳಿದ್ದಕ್ಕೆ, "ಪಾಪಕ್ಕೂ ಯಾರದಾದರೂ ಮುಖ ಬೇಕಲ್ಲಮ್ಮಾ," ಎಂದುಬಿಟ್ಟರು.

ಭಾನುವಾರ ಅವಳ ಮದುವೆ, ಹಿಟ್ಟಿನ ಗಿರಣಿಯ ಎವ್ರಾರ್ ಜೊತೆ. ಅಲ್ಲಿ ಮದುವೆ ನಡೆಯುವುದು ಇಗರ್ಜಿಯ ಒಳಗಲ್ಲ, ಹೊಸ್ತಿಲಲ್ಲಿ, ಆ ಕಮಾನಿನ ಕೆಳಗೇ.

"ನಾನೇನೂ ಅನ್ನಲ್ಲ ಕಣೇ," ಎಂದ ಎವ್ರಾರ್. "ಆದ್ರೆ ಅವ್ವ ಬರ್ತಾಳೆ. ಅವಳು ಒಂದ್ಸಲ ಅದನ್ನ, ಒಂದ್ಸಲ ನಿನ್ನ ನೋಡಿದ್ಲು ಅಂದ್ರೆ ಮುಗೀತು. ಅವಳ ಮಾತು ಮೀರೋಕೆ ನನ್ ಕೈಲಾಗಲ್ಲ."

ಶುಕ್ರವಾರ ರಿಶಿಲ್ಡ ಕುರಿ ಉಣ್ಣೆ ಕತ್ತರಿಸುವ ಕತ್ತರಿಯಿಂದ ಎರಡೂ ಜಡೆ ಕತ್ತರಿಸಿ ಒಲೆಗೆ ಹಾಕಿದಳು. ಎವ್ರಾರ್ ಅವಳ ತಲೆ ಸವರಿ, "ಕುರಿಮರಿ! ಇನ್ನು ಅವ್ವ ಏನು ಹುಡುಕಿದ್ರೂ ಸಿಗಲ್ಲ ಬಿಡು," ಎಂದು ನಕ್ಕ. ಶನಿವಾರ ಗೊಬೆರ್ ರೊಟ್ಟಿ ಕೊಳ್ಳಲು ಬಂದ. ಅವಳು ಒಲೆಯ ಕಡೆ ತಿರುಗಿದಾಗ ಅವಳ ಹಿಂಗತ್ತನ್ನು ಬಹಳ ಹೊತ್ತು ನೋಡಿದ.

ಭಾನುವಾರ ಬೆಳಿಗ್ಗೆ ಎವ್ರಾರನ ತಾಯಿ ಗಾಡಿಯಿಂದಿಳಿದಳು. ಮುಸುಕು ಬಿಗಿದುಕೊಂಡ ರಿಶಿಲ್ಡ ಹೊಸ್ತಿಲ ಹತ್ತಿರ ಬಂದಾಗ ಕಾಲಿಗೆ ಕಲ್ಲುಚೂರು ಚುಚ್ಚಿತು. ನೆಲದ ತುಂಬ ಹೆಣೆದ ಕೂದಲಿನ ಗೆರೆಯಿದ್ದ ಕಲ್ಲಿನ ತುಂಡುಗಳು.

ಮೇಲೆ, ಹಾವುಗಳ ನಡುವಿನ ಹೆಣ್ಣಿಗೆ ಜಡೆ ಇರಲಿಲ್ಲ. ಕಿವಿಯವರೆಗಷ್ಟೇ ಕೂದಲು, ಕುರಿಗೆ ಕತ್ತರಿಸಿದ ಹಾಗೆ ಒಂದು ಕಡೆ ಗಿಡ್ಡ, ಒಂದು ಕಡೆ ಉದ್ದ.

ಮುದುಕಿ ಕತ್ತೆತ್ತಿ ನೋಡಿದಳು. ಆಮೇಲೆ ತುಂಬ ಮೆತ್ತಗೆ ಹೇಳಿದಳು: "ಮಗಳೇ, ಮುಸುಕು ಒಂಚೂರು ತೆಗಿಯಮ್ಮಾ."

ರಿಶಿಲ್ಡ ಎವ್ರಾರನ ಕಡೆ ನೋಡಿದಳು. ಅವನು ತನ್ನ ಕೆರದ ಮೇಲಿನ ಹಿಟ್ಟನ್ನು ಒರೆಸಿಕೊಳ್ಳುತ್ತಿದ್ದ.

ಏಣಿಯ ತುದಿಯಲ್ಲಿ ಗೊಬೆರ್ ಮುಂದಕ್ಕೆ ಬಾಗಿ, ಕಲ್ಲಿನ ಹೆಣ್ಣಿನ ಕಿವಿಯೊಳಗಿನ ಪುಡಿಯನ್ನು ಮೆಲ್ಲಗೆ ಊದಿದ.